ಫೋಟೊದಲ್ಲಿ ಮುಖದ ಪಕ್ಕ ಕಪ್ಪು ನೆರಳು ಬೀಳುವುದೇಕೆ? ಫ್ಲ್ಯಾಶ್ ಬ್ರಾಕೆಟ್ ಎಲ್ಲಿ ಬೇಕು, ಎಲ್ಲಿ ಬೇಡ? ಇಲ್ಲಿದೆ ಮಾಹಿತಿ

ನಮ್ಮ ಮನೆಗಳ ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಹಿರಿಯರ ಫೋಟೊಗಳನ್ನು ಒಮ್ಮೆ ಗಮನಿಸಿ ನೋಡಿ. ಹೆಚ್ಚಿನವು ಸ್ಟುಡಿಯೊದಲ್ಲಿ ತೆಗೆಸಿದವಲ್ಲ. ಯಾರದೋ ಮದುವೆಯಲ್ಲೋ ಗೃಹಪ್ರವೇಶದಲ್ಲೋ ತೆಗೆದ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದವು. ತೆಗೆಯುವಾಗ ಅದು ಮುಂದೊಂದು ದಿನ ಗೋಡೆಗೆ ಹೋಗುತ್ತದೆ ಎಂದು ಯಾರೂ ಅಂದುಕೊಂಡಿರುವುದಿಲ್ಲ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ಚಿಕ್ಕಪ್ಪನ ಮಗನ ಮದುವೆಗೆಂದು ಬೀದರ್‌ನಿಂದ ಇಡೀ ಕುಟುಂಬ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದ್‌ಗೆ ಹೋಗಿತ್ತು. ಹೆಣ್ಣಿನ ಕಡೆಯವರು ಅಲ್ಲಿಯವರು. ಆರತಕ್ಷತೆಯ ವೇದಿಕೆ ಪಕ್ಕ ಗೋಡೆಗೆ ಹತ್ತಿರವಾಗಿ ಕುಳಿತಿದ್ದ ಅಜ್ಜಿಯ ಫೋಟೊವನ್ನು ನಾನೇ ತೆಗೆದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಮೇಲೆ ಸಿಕ್ಕಿಸಿದ್ದ ಫ್ಲ್ಯಾಶ್ ಹೊಡೆದೆ. ಅಜ್ಜಿ ಅಪರೂಪಕ್ಕೆ ಬಾಯ್ತುಂಬ ನಕ್ಕಿದ್ದರು. ಮರುದಿನ ಎಲ್ಲರೂ ದೌಲತಾಬಾದ್ ಕೋಟೆ ನೋಡಲು ಹೋದಾಗ ಇನ್ನೂ ಒಂದೆರಡು ಫೋಟೊ ತೆಗೆದಿದ್ದೆ.

ಅಜ್ಜಿ ತೀರಿಕೊಂಡ ಮೇಲೆ ಫ್ರೇಮ್ ಹಾಕಿಸಲು ಆ ನಗುವಿನ ಫೋಟೊ ತೆಗೆದು ನೋಡಿದರೆ, ಮುಖದ ಎಡಗಡೆ ಗೋಡೆಯ ಮೇಲೆ ದಪ್ಪನೆಯ ಕಪ್ಪು ನೆರಳು. ಕನ್ನಡಕದ ಒಂದು ಗಾಜಿನಲ್ಲಿ ಬಿಳಿಯ ಹೊಳಪು. ಸ್ಟುಡಿಯೊದವರು ನೇರವಾಗಿಯೇ ಹೇಳಿದರು: 'ನೆರಳು ಅಳಿಸಿ ಕೊಡಬಹುದು. ಆದರೆ ಹೊಳಪಿನ ಹಿಂದೆ ಕಣ್ಣೇ ಬಂದಿಲ್ಲವಲ್ಲ, ಅದನ್ನು ಎಲ್ಲಿಂದ ತರಲಿ?'

ಈ ಎರಡೂ ತಪ್ಪುಗಳಿಗೆ ಕಾರಣ ಕ್ಯಾಮೆರಾ ಅಲ್ಲ, ಫ್ಲ್ಯಾಶ್ ಇದ್ದ ಜಾಗ. ಅದನ್ನು ಸರಿಪಡಿಸಲೆಂದೇ ಇರುವ ಒಂದು ಸಾದಾ ಸಾಧನ ಫ್ಲ್ಯಾಶ್ ಬ್ರಾಕೆಟ್. ಹಾಗಾದರೆ ಏನಿದು? ಹೇಗೆ ಕೆಲಸ ಮಾಡುತ್ತದೆ? ಎಲ್ಲರಿಗೂ ಬೇಕೇ? ನೋಡೋಣ.

ಫ್ಲ್ಯಾಶ್ ಬ್ರಾಕೆಟ್ ಎಂದರೇನು?

ಕ್ಯಾಮೆರಾದ ತಳಭಾಗದಲ್ಲಿ ಟ್ರೈಪಾಡ್ ಸಿಕ್ಕಿಸಲು ಒಂದು ತಿರುಪಿನ ರಂಧ್ರ ಇರುತ್ತದೆ. ಬ್ರಾಕೆಟ್ ಅಲ್ಲಿಗೆ ಬಿಗಿಯುವ ಲೋಹದ ಚೌಕಟ್ಟು. ತಳದಲ್ಲೊಂದು ಪಟ್ಟಿ, ಪಕ್ಕದಲ್ಲಿ ಹಿಡಿ, ಅದರಿಂದ ಮೇಲಕ್ಕೆ ಹೋಗುವ ತೋಳು. ತೋಳಿನ ತುದಿಯಲ್ಲಿ ಫ್ಲ್ಯಾಶ್ ಕೂರುತ್ತದೆ. ಹೀಗೆ ಫ್ಲ್ಯಾಶ್ ಕ್ಯಾಮೆರಾದ ನೆತ್ತಿಯಿಂದ ಬಿಡುಗಡೆಯಾಗಿ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ.

ಇದರಲ್ಲಿ ಮೂರು ಬಗೆ ಇವೆ. ಮೊದಲನೆಯದು ಅಲುಗಾಡದ ನೇರ ಬ್ರಾಕೆಟ್. ಎರಡನೆಯದರಲ್ಲಿ ಕ್ಯಾಮೆರಾ ಉದ್ದಕ್ಕೆ ತಿರುಗಿಸಿದಾಗ ಫ್ಲ್ಯಾಶ್ ಇರುವ ತೋಳನ್ನು ಮಡಚಿ ಮತ್ತೆ ಲೆನ್ಸ್‌ನ ಮೇಲಕ್ಕೆ ತರಬಹುದು. ಮೂರನೆಯದರಲ್ಲಿ ಫ್ಲ್ಯಾಶ್ ಇದ್ದಲ್ಲೇ ಇರುತ್ತದೆ, ಚೌಕಟ್ಟಿನೊಳಗೆ ಕ್ಯಾಮೆರಾ ಮಾತ್ರ ತಿರುಗುತ್ತದೆ. ಮದುವೆ ಫೋಟೊಗ್ರಾಫರ್‌ಗಳಿಗೆ ಉಪಯೋಗ ಬರುವುದು ಎರಡನೇ ಮತ್ತು ಮೂರನೇ ಬಗೆ.

ಕ್ಯಾಮೆರಾ ತಿರುಗಿಸಿದಾಗ ಏನಾಗುತ್ತದೆ?

ಕ್ಯಾಮೆರಾ ಅಡ್ಡಲಾಗಿ ಹಿಡಿದಾಗ ಫ್ಲ್ಯಾಶ್ ಲೆನ್ಸ್‌ನ ಮೇಲಿರುತ್ತದೆ. ಬೆಳಕು ಮೇಲಿನಿಂದ ಬರುವುದರಿಂದ ನೆರಳು ಕೆಳಕ್ಕೆ, ವ್ಯಕ್ತಿಯ ಬೆನ್ನ ಹಿಂದೆ ಬೀಳುತ್ತದೆ. ಫೋಟೊದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಒಬ್ಬರನ್ನೇ ಅಥವಾ ನಿಂತ ಜೋಡಿಯನ್ನು ತೆಗೆಯುವಾಗ ನಾವು ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸುತ್ತೇವೆ. ಆಗ ನೆತ್ತಿಯ ಮೇಲಿದ್ದ ಫ್ಲ್ಯಾಶ್ ಲೆನ್ಸ್‌ನ ಪಕ್ಕಕ್ಕೆ ಬರುತ್ತದೆ. ಬೆಳಕು ಬಲದಿಂದ ಬಂದರೆ ನೆರಳು ಎಡಕ್ಕೆ. ಅದನ್ನು ಮುಚ್ಚಲು ಅಲ್ಲಿ ಮೈ ಇಲ್ಲ, ಬರೀ ಗೋಡೆ ಇದೆ.

ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ಲೆನ್ಸ್‌ನಿಂದ ಫ್ಲ್ಯಾಶ್‌ಗೆ 15 ಸೆಂ.ಮೀ. ಅಂತರ ಎಂದುಕೊಳ್ಳಿ. ವ್ಯಕ್ತಿ ನಿಮ್ಮಿಂದ 3 ಮೀಟರ್ ದೂರದಲ್ಲಿದ್ದಾರೆ, ಅವರ ಹಿಂದೆ 1 ಮೀಟರ್‌ಗೆ ಗೋಡೆ. ಆಗ ಪಕ್ಕದ ಫ್ಲ್ಯಾಶ್‌ನಿಂದ ಗೋಡೆಯ ಮೇಲೆ ಸುಮಾರು 5 ಸೆಂ.ಮೀ. ಅಗಲದ ನೆರಳಿನ ಪಟ್ಟಿ ಮುಖದ ಅಂಚಿಗೇ ಅಂಟಿಕೊಂಡಂತೆ ಕಾಣುತ್ತದೆ. ಬ್ರಾಕೆಟ್ ಹಾಕಿ ಫ್ಲ್ಯಾಶನ್ನು ಲೆನ್ಸ್‌ನ 30 ಸೆಂ.ಮೀ. ಮೇಲಕ್ಕೆ ತಂದರೆ ನೆರಳು 10 ಸೆಂ.ಮೀ. ಸರಿಯುತ್ತದೆ. ಅಂದರೆ ಇನ್ನೂ ಹೆಚ್ಚೇ. ಆದರೆ ಸರಿಯುವುದು ಕೆಳಕ್ಕೆ. ಅದರ ಹೆಚ್ಚಿನ ಭಾಗ ಭುಜ ಮತ್ತು ಬೆನ್ನಿನ ಹಿಂದೆ ಅಡಗುತ್ತದೆ.

ಅಂದರೆ ಬ್ರಾಕೆಟ್ ನೆರಳನ್ನು ಇಲ್ಲವಾಗಿಸುವುದಿಲ್ಲ. ಕಾಣದ ಕಡೆಗೆ ಕಳುಹಿಸುತ್ತದೆ, ಅಷ್ಟೇ.

ಕೆಂಪು ಕಣ್ಣು, ಕನ್ನಡಕದ ಹೊಳಪು

ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ. ಫ್ಲ್ಯಾಶ್ ಬೆಳಕು ಒಳಹೊಕ್ಕು ರಕ್ತನಾಳಗಳು ತುಂಬಿದ ಹಿಂಭಾಗಕ್ಕೆ ಬಡಿದು, ಕೆಂಪಾಗಿ, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಲೆನ್ಸ್ ಆ ದಾರಿಯ ಹತ್ತಿರವೇ ಇದ್ದರೆ ಕಣ್ಣು ಕೆಂಪಾಗಿ ಕಾಣುತ್ತದೆ. ಹಾಗಾಗಿ ಲೆನ್ಸ್ ಮತ್ತು ಫ್ಲ್ಯಾಶ್ ನಡುವಿನ ಕೋನ ದೊಡ್ಡದಾದಷ್ಟೂ ಈ ತೊಂದರೆ ಕಡಿಮೆ.

3 ಮೀಟರ್ ದೂರದಿಂದ ನೋಡಿದರೆ 15 ಸೆಂ.ಮೀ. ಅಂತರದ ಕೋನ ಸುಮಾರು 3 ಡಿಗ್ರಿ. ಬ್ರಾಕೆಟ್‌ನ 30 ಸೆಂ.ಮೀ. ಅಂತರಕ್ಕೆ ಅದು ಸುಮಾರು 6 ಡಿಗ್ರಿ. ಆದರೆ ನೀವು ಸಭಾಂಗಣದ ಹಿಂದಿನಿಂದ, 6 ಮೀಟರ್ ದೂರದಿಂದ ಜೂಮ್ ಮಾಡಿದರೆ ಕ್ಯಾಮೆರಾ ಮೇಲಿನ ಫ್ಲ್ಯಾಶ್‌ನ ಕೋನ ಒಂದೂವರೆ ಡಿಗ್ರಿಗೂ ಕಡಿಮೆಯಾಗುತ್ತದೆ. ದೂರದಿಂದ ತೆಗೆದ ಮಕ್ಕಳ ಫೋಟೊಗಳಲ್ಲೇ ಕಣ್ಣು ಹೆಚ್ಚು ಕೆಂಪಾಗಿರುವುದಕ್ಕೆ ಇದೂ ಒಂದು ಕಾರಣ. ಮೊಬೈಲ್‌ನಲ್ಲಂತೂ ಫ್ಲ್ಯಾಶ್ ಲೆನ್ಸ್‌ನ ಪಕ್ಕದಲ್ಲೇ ಇರುವುದರಿಂದ ಕೋನ ಬಹಳ ಚಿಕ್ಕದು.

ಕನ್ನಡಕದ್ದು ಬೇರೆ ಲೆಕ್ಕ. ಗಾಜು ಪುಟ್ಟ ಕನ್ನಡಿಯಂತೆ ವರ್ತಿಸುತ್ತದೆ. ಬೆಳಕು ಯಾವ ಕೋನದಲ್ಲಿ ಬರುತ್ತದೋ ಅದೇ ಕೋನದಲ್ಲಿ ಆಚೆ ಹೋಗುತ್ತದೆ. ಫ್ಲ್ಯಾಶ್ ಮೇಲಿದ್ದು, ಗಾಜು ನೇರವಾಗಿ ಅಥವಾ ತುಸು ಕೆಳಮುಖವಾಗಿದ್ದರೆ ಹೊಳಪು ಲೆನ್ಸ್‌ನ ಕೆಳಗೆ ಹಾದುಹೋಗುತ್ತದೆ. ಮುಖ ಮೇಲೆತ್ತಿದರೆ ಬ್ರಾಕೆಟ್ ಇದ್ದರೂ ಹೊಳಪು ಬೀಳಬಹುದು. ಹಿರಿಯರಿಗೆ 'ಗದ್ದ ಸ್ವಲ್ಪ ಕೆಳಗೆ ಮಾಡಿ' ಎಂದು ಹೇಳಿ. ಇಲ್ಲವೇ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿ ಕೂರಿಸಿ. ಗಾಜು ತಾನಾಗಿ ಕೆಳಮುಖವಾಗುತ್ತದೆ. ಫೋಟೊದಲ್ಲಿ ಇದು ಗೊತ್ತಾಗುವುದೂ ಇಲ್ಲ.

ಇದು ಹೊಸ ಸಾಧನವೇ?

ಖಂಡಿತ ಅಲ್ಲ. ಹಳೆಯ ಕಾಲದ ಪತ್ರಿಕಾ ಫೋಟೊಗ್ರಾಫರ್‌ಗಳ ಚಿತ್ರ ನೋಡಿದರೆ, ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾದ ಪಕ್ಕ ಟಾರ್ಚ್‌ನಂಥ ಹಿಡಿ, ಅದರ ತುದಿಯಲ್ಲಿ ಹೊಳೆಯುವ ತಟ್ಟೆ ಕಾಣುತ್ತದೆ. ಅದು ಫ್ಲ್ಯಾಶ್ ಗನ್. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಬಳಸಿದ ಸ್ಪೀಡ್ ಗ್ರಾಫಿಕ್ ಆ ಬಗೆಯ ಕ್ಯಾಮೆರಾ. ಆಗಿನ ಫ್ಲ್ಯಾಶ್ ಬಲ್ಬ್ ಒಂದು ಸಲಕ್ಕೆ ಮಾತ್ರ. ಒಂದು ಫೋಟೊ ತೆಗೆದರೆ ಬಲ್ಬ್ ಸುಟ್ಟುಹೋಗುತ್ತಿತ್ತು, ಮುಂದಿನದಕ್ಕೆ ಹೊಸ ಬಲ್ಬ್ ಹಾಕಬೇಕಿತ್ತು.

ರೀಲ್ ಕ್ಯಾಮೆರಾ ಕಾಲದ ಮದುವೆಗಳಲ್ಲಿ ಫೋಟೊಗ್ರಾಫರ್ ಹೆಗಲಿಗೆ ಬ್ಯಾಟರಿ ಚೀಲ ನೇತುಹಾಕಿ, ಪಕ್ಕದಲ್ಲಿ ಹಿಡಿ ಇರುವ ದೊಡ್ಡ ಫ್ಲ್ಯಾಶ್ ಹಿಡಿದು ಓಡಾಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದೂ ಬ್ರಾಕೆಟ್‌ನ ಮೇಲೆಯೇ ಕೂರುತ್ತಿತ್ತು. ಕಾಲ ಬದಲಾಯಿತು, ಫ್ಲ್ಯಾಶ್ ಚಿಕ್ಕದಾಗಿ ಕ್ಯಾಮೆರಾದ ನೆತ್ತಿಗೆ ಏರಿತು. ಅನುಕೂಲ ಹೆಚ್ಚಿತು, ಜೊತೆಗೆ ಪಕ್ಕದ ನೆರಳೂ ಬಂತು.

ಮದುವೆ ಮನೆಯಲ್ಲಿ ಯಾವಾಗ ಬೇಕು?

ಛಾವಣಿ ಬಿಳಿಯಾಗಿದ್ದು, ಹೆಚ್ಚು ಎತ್ತರ ಇಲ್ಲದಿದ್ದರೆ ಬ್ರಾಕೆಟ್ ಬೇಕಾಗಿಲ್ಲ. ಫ್ಲ್ಯಾಶ್‌ನ ತಲೆಯನ್ನು ಮೇಲಕ್ಕೆ ತಿರುಗಿಸಿ. ಬೆಳಕು ಛಾವಣಿಗೆ ಬಡಿದು ಹರಡಿಕೊಂಡು ಇಳಿಯುತ್ತದೆ. ಬ್ರಾಕೆಟ್‌ಗಿಂತ ಸೊಗಸಾದ ಬೆಳಕು ಅದು. ಇದಕ್ಕೆ ಬೌನ್ಸ್ ಎನ್ನುತ್ತಾರೆ.

ಆದರೆ ನಮ್ಮ ಮದುವೆಗಳು ನಡೆಯುವ ಜಾಗಗಳನ್ನು ನೆನಪಿಸಿಕೊಳ್ಳಿ. ಶಾಮಿಯಾನದ ಕೆಂಪು, ಹಳದಿ ಬಟ್ಟೆಗೆ ಬಡಿದ ಬೆಳಕು ಮುಖಕ್ಕೂ ಅದೇ ಬಣ್ಣ ಬಳಿಯುತ್ತದೆ. ಎತ್ತರದ ಕಲ್ಯಾಣ ಮಂಟಪದಲ್ಲಿ ಬೆಳಕು ಛಾವಣಿ ಮುಟ್ಟಿ ಬರುವಷ್ಟರಲ್ಲಿ ಸೊರಗಿರುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ನಿಯಮ. ರಾತ್ರಿ ಬಯಲಿನ ಆರತಕ್ಷತೆಯಲ್ಲಿ ಮೇಲೆ ಆಕಾಶ ಬಿಟ್ಟು ಬೇರೇನೂ ಇಲ್ಲ. ಇಂಥ ಕಡೆ ಫ್ಲ್ಯಾಶನ್ನು ನೇರವಾಗಿಯೇ ಹೊಡೆಯಬೇಕಾಗುತ್ತದೆ. ಬ್ರಾಕೆಟ್‌ಗೆ ನಿಜವಾದ ಕೆಲಸ ಇರುವುದು ಇಲ್ಲಿ.

ಅಂತರಪಟ ಸರಿಸುವ ಗಳಿಗೆಯನ್ನೇ ತೆಗೆದುಕೊಳ್ಳಿ. ಮಹಾರಾಷ್ಟ್ರದಲ್ಲಿ ಮಂಗಳಾಷ್ಟಕ ಮುಗಿಯುತ್ತಿದ್ದಂತೆ, ನಮ್ಮಲ್ಲಿ ಜೀರಿಗೆ ಬೆಲ್ಲದ ಹೊತ್ತಿಗೆ, ಬಟ್ಟೆ ಸರಿಯುತ್ತದೆ, ಅಕ್ಷತೆ ಬೀಳುತ್ತದೆ. ಒಂದೆರಡು ಸೆಕೆಂಡಿನ ಮಾತು. ಫೋಟೊಗ್ರಾಫರ್ ಒಂದು ಅಡ್ಡ ಫೋಟೊ, ಒಂದು ಉದ್ದ ಫೋಟೊ ತೆಗೆಯಬೇಕು. 'ಇನ್ನೊಮ್ಮೆ ಮಾಡಿ' ಎನ್ನುವಂತಿಲ್ಲ. ಎರಡರಲ್ಲೂ ಬೆಳಕು ಒಂದೇ ಕಡೆಯಿಂದ ಬಂದರೆ ಆಲ್ಬಂನಲ್ಲಿ ಎರಡೂ ಹೊಂದಿಕೊಳ್ಳುತ್ತವೆ. ತಿರುಗುವ ಬ್ರಾಕೆಟ್ ಇದನ್ನು ಸಾಧ್ಯವಾಗಿಸುತ್ತದೆ.

ಸೆಟ್ಟಿಂಗ್ ವಿಷಯಕ್ಕೆ ಬಂದರೆ, ಸಭಾಂಗಣದಲ್ಲಿ ಎಫ್ 4, ಶಟರ್ 1/60 ಸೆಕೆಂಡ್, ಐಎಸ್‌ಒ 800 ರಿಂದ ಶುರು ಮಾಡಬಹುದು. ಐಎಸ್‌ಒ ಹೆಚ್ಚಿದ್ದರೆ ಹಿಂದಿನ ದೀಪಾಲಂಕಾರವೂ ಫೋಟೊದಲ್ಲಿ ಬರುತ್ತದೆ. ಫ್ಲ್ಯಾಶ್ ತನ್ನ ಶಕ್ತಿಯಲ್ಲಿ ಸ್ವಲ್ಪ ಪಾಲು ಮಾತ್ರ ಖರ್ಚು ಮಾಡುವುದರಿಂದ ಮುಂದಿನ ಫೋಟೊಗೆ ಬೇಗ ಸಿದ್ಧವಾಗುತ್ತದೆ. ಐಎಸ್‌ಒ 100, ಎಫ್ 11 ಎಂದು ಇಟ್ಟರೆ ವಧೂವರರು ಬೆಳ್ಳಗೆ, ಹಿಂದೆಲ್ಲ ಕಗ್ಗತ್ತಲು.

ದೌಲತಾಬಾದ್‌ನಲ್ಲಿ ಹಗಲು ಹೊತ್ತು ಬೇಕೇ?

ಸಂಭಾಜಿನಗರದಿಂದ ಎಲ್ಲೋರಾ ದಾರಿಯಲ್ಲಿ ಸುಮಾರು 15 ಕಿ.ಮೀ. ಹೋದರೆ ದೌಲತಾಬಾದ್ ಸಿಗುತ್ತದೆ. ಯಾದವರ ರಾಜಧಾನಿ ದೇವಗಿರಿ ಎಂದರೆ ಕನ್ನಡಿಗರಿಗೆ ಬೇಗ ಗುರುತು ಸಿಗುತ್ತದೆ. ಎಲ್ಲೋರಾದ ಕೈಲಾಸ ದೇವಾಲಯ ನೋಡಲು ಹೋಗುವ ನಮ್ಮವರು ಈ ಕೋಟೆಯನ್ನೂ ನೋಡಿ ಬರುತ್ತಾರೆ. ಒಳಗೆ ಹೋಗುತ್ತಿದ್ದಂತೆ ಎದುರಾಗುವುದು ಚಾಂದ್ ಮಿನಾರ್. 15ನೇ ಶತಮಾನದಲ್ಲಿ ಬೀದರ್‌ನಿಂದ ಆಳಿದ ಬಹಮನಿ ಸುಲ್ತಾನ ಅಲಾವುದ್ದೀನ್ ಕಟ್ಟಿಸಿದ ನಾಲ್ಕು ಅಂತಸ್ತಿನ ಗೋಪುರ. ಅದರ ಮುಂದೆ ನಿಂತವರನ್ನು ಗೋಪುರದ ಸಮೇತ ತೆಗೆಯಬೇಕಾದರೆ ಕ್ಯಾಮೆರಾ ಉದ್ದಕ್ಕೆ ತಿರುಗಲೇಬೇಕು.

ಹಾಗಾದರೆ ಇಲ್ಲೂ ಬ್ರಾಕೆಟ್ ಬೇಕಲ್ಲವೇ? ಹೆಚ್ಚಾಗಿ ಬೇಡ. ಏಕೆಂದರೆ ನಿಂತವರ ಬೆನ್ನ ಹಿಂದೆ ನೆರಳು ಬೀಳಲು ಹತ್ತಿರದಲ್ಲಿ ಗೋಡೆಯೇ ಇಲ್ಲ. ಹಗಲಿನಲ್ಲಿ ಪಾಪೆ ಚಿಕ್ಕದಾಗಿರುವುದರಿಂದ ಕೆಂಪು ಕಣ್ಣಿನ ಭಯವೂ ಇಲ್ಲ. ಮಧ್ಯಾಹ್ನದ ಬಿಸಿಲಿನ ತೊಂದರೆ ಬೇರೆ: ಹುಬ್ಬಿನ ಕೆಳಗೆ, ಟೋಪಿ ಅಥವಾ ಸೆರಗಿನ ಕೆಳಗೆ ಕಣ್ಣು ಕಪ್ಪಾಗುತ್ತದೆ. ಅದನ್ನು ತುಂಬಲು ಫ್ಲ್ಯಾಶ್ ನೆರವಾಗುತ್ತದೆ, ಆದರೆ ಮಿತಿ ಇದೆ. ಬಿಸಿಲಿನಲ್ಲಿ ಐಎಸ್‌ಒ 100, ಶಟರ್ 1/200 ಇಟ್ಟರೆ ಎಫ್ 11 ರ ಆಸುಪಾಸು ಬೇಕಾಗುತ್ತದೆ. ಗೈಡ್ ನಂಬರ್ 40 ಇರುವ ಫ್ಲ್ಯಾಶ್‌ಗೆ 40 ಅನ್ನು 11 ರಿಂದ ಭಾಗಿಸಿ: ಸುಮಾರು ಮೂರೂವರೆ ಮೀಟರ್. ಅದೂ ಪೂರ್ತಿ ಶಕ್ತಿಯಲ್ಲಿ. ಇದಕ್ಕಿಂತ ಬಹಳ ದೂರ ನಿಂತ 20 ಜನರ ಗುಂಪಿಗೆ ಫ್ಲ್ಯಾಶ್ ಹೊಡೆದರೆ ಬ್ಯಾಟರಿ ಖರ್ಚಾಗುವುದೇ ಹೆಚ್ಚು. ಅವರನ್ನು ಕೋಟೆ ಬಾಗಿಲ ನೆರಳಿಗೆ ಕರೆದು ನಿಲ್ಲಿಸುವುದೇ ಸುಲಭ.

ಮೇಲೆ ಹತ್ತುವ ದಾರಿಯಲ್ಲಿ ಬಂಡೆಯೊಳಗೆ ಕೊರೆದ 'ಅಂಧೇರಿ' ಎಂಬ ಕತ್ತಲ ಮಾರ್ಗವಿದೆ. ಶತ್ರುಗಳನ್ನು ಗೊಂದಲಗೊಳಿಸಲೆಂದೇ ಮಾಡಿದ ಅಂಕುಡೊಂಕಿನ ದಾರಿ. ಇಕ್ಕಟ್ಟು, ಗೋಡೆ ಹತ್ತಿರ, ಬೆಳಕಿಲ್ಲ. ಲೆಕ್ಕದ ಪ್ರಕಾರ ಬ್ರಾಕೆಟ್‌ಗೆ ಹೇಳಿ ಮಾಡಿಸಿದ ಜಾಗ. ಆದರೂ ಇಲ್ಲಿ ಫ್ಲ್ಯಾಶ್ ಹೊಡೆಯದಿರುವುದೇ ಒಳ್ಳೆಯದು. ಒಳಗೆ ಬಾವಲಿಗಳಿವೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ದಿಢೀರ್ ಬೆಳಕು ಬಿದ್ದರೆ ಮುಂದೆ ನಡೆಯುವವರಿಗೆ ಮೆಟ್ಟಿಲು ಕಾಣುವುದಿಲ್ಲ.

ಇನ್ನೊಂದು ವಿಷಯ. ದೌಲತಾಬಾದ್ ಮತ್ತು ಎಲ್ಲೋರಾ ಎರಡೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ತಾಣಗಳು. ಕೈಯಲ್ಲಿ ಹಿಡಿದ ಕ್ಯಾಮೆರಾ ಬೇರೆ, ಟ್ರೈಪಾಡ್, ದೀಪಗಳನ್ನು ತಂದು ಮಾಡುವ ಪ್ರೀ-ವೆಡ್ಡಿಂಗ್ ಶೂಟ್ ಬೇರೆ. ಎರಡನೆಯದಕ್ಕೆ ಮೊದಲೇ ಅನುಮತಿ ವಿಚಾರಿಸಿಕೊಂಡು ಹೋಗಿ. ಅಜಂತಾದ ವರ್ಣಚಿತ್ರಗಳ ಗುಹೆಗಳಲ್ಲಂತೂ ಫ್ಲ್ಯಾಶ್ ನಿಷಿದ್ಧ.

ಬ್ರಾಕೆಟ್ ಮಾಡದ ಕೆಲಸ

ಬ್ರಾಕೆಟ್ ಕೊಂಡರೆ ಫೋಟೊ ಸ್ಟುಡಿಯೊದಂತೆ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಬೆಳಕು ಮೃದುವಾಗುವುದು ಅದರ ಮೂಲ ದೊಡ್ಡದಾದಾಗ. ಕಿಟಕಿ, ಬಿಳಿ ಛಾವಣಿ, ಸಾಫ್ಟ್‌ಬಾಕ್ಸ್ ಎಲ್ಲ ದೊಡ್ಡ ಮೂಲಗಳು. ಫ್ಲ್ಯಾಶ್‌ನ ಮುಖ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದನ್ನು ಒಂದು ಗೇಣು ಮೇಲಕ್ಕೆತ್ತಿದರೆ ಅದು ದೊಡ್ಡದಾಗುವುದಿಲ್ಲ. ಹಣೆಯ ಬೆವರಿನ ಹೊಳಪು, ಮೂಗಿನ ಕೆಳಗಿನ ಗಟ್ಟಿ ನೆರಳು ಹಾಗೇ ಇರುತ್ತವೆ. ಒಬ್ಬರದೇ ಭಾವಚಿತ್ರ ಚೆನ್ನಾಗಿ ಬರಬೇಕಾದರೆ ಫ್ಲ್ಯಾಶನ್ನು ಕ್ಯಾಮೆರಾದಿಂದ ಪೂರ್ತಿ ಬೇರೆ ಮಾಡಿ, ಸ್ಟ್ಯಾಂಡ್‌ನಲ್ಲಿ ಪಕ್ಕಕ್ಕೆ ನಿಲ್ಲಿಸಿ, ಮುಂದೆ ಸಾಫ್ಟ್‌ಬಾಕ್ಸ್ ಅಥವಾ ಛತ್ರಿ ಇಡಬೇಕು. ಸ್ಟ್ಯಾಂಡ್ ನಿಲ್ಲಿಸಲಾಗದ ಜನಜಂಗುಳಿಯಲ್ಲಿ ಓಡಾಡುತ್ತ ತೆಗೆಯುವವರಿಗೆ ಬ್ರಾಕೆಟ್.

ಕೊಳ್ಳುವ ಮುನ್ನ ಗಮನಿಸಿ

* ಫ್ಲ್ಯಾಶ್ ನೆತ್ತಿಯಿಂದ ಇಳಿದ ಮೇಲೆ ಕ್ಯಾಮೆರಾಗೂ ಅದಕ್ಕೂ ಸಂಪರ್ಕ ಬೇಕು. ಅದಕ್ಕೆ ಟಿಟಿಎಲ್ ಕೇಬಲ್ ಅಥವಾ ರೇಡಿಯೊ ಟ್ರಿಗರ್ ಬೇಕಾಗುತ್ತದೆ. ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುವಂಥದ್ದನ್ನೇ ಕೊಳ್ಳಿ. ಹೊಂದದಿದ್ದರೆ ಬೆಳಕಿನ ಪ್ರಮಾಣವನ್ನು ಪ್ರತಿ ಸಲ ಕೈಯಲ್ಲೇ ಹೊಂದಿಸಬೇಕಾದೀತು.

* ಅಂಗಡಿಯಲ್ಲೇ ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್ ಎಲ್ಲ ಹಾಕಿ ಐದು ನಿಮಿಷ ಹಿಡಿದು ನೋಡಿ. ಮದುವೆ ಎಂದರೆ ಅದೇ ಭಾರವನ್ನು ಗಂಟೆಗಟ್ಟಲೆ ಮಣಿಕಟ್ಟು ಹೊರಬೇಕು.

* ಉದ್ದಕ್ಕೆ ತಿರುಗಿಸಿದಾಗ ಫ್ಲ್ಯಾಶ್ ನೇರ ಲೆನ್ಸ್‌ನ ಮೇಲೆಯೇ ಬರುತ್ತದೆಯೇ, ಕೀಲು ಜಾರುತ್ತದೆಯೇ ಪರೀಕ್ಷಿಸಿ.

* ತಳದ ಪಟ್ಟಿ ಬ್ಯಾಟರಿ ಬಾಗಿಲಿಗೆ ಅಡ್ಡ ಬರಬಾರದು.

* ಮನೆಯಲ್ಲಿರುವ ಹಳೆಯ ರೀಲ್ ಕಾಲದ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾಗೆ ಹಾಗೇ ಸಿಕ್ಕಿಸಬೇಡಿ. ಕೆಲವು ಹಳೆಯ ಫ್ಲ್ಯಾಶ್‌ಗಳ ವೋಲ್ಟೇಜ್ ಹೆಚ್ಚಿದ್ದು, ಕ್ಯಾಮೆರಾ ಹಾಳಾಗಬಹುದು.

ಬ್ರಾಕೆಟ್ ಇಲ್ಲದಿದ್ದರೆ?

ವರ್ಷಕ್ಕೆ ಒಂದೆರಡು ಸಮಾರಂಭಕ್ಕೆ ಹೋಗುವವರು ಇದನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಕ್ಯಾಮೆರಾವನ್ನು ಅಡ್ಡಲಾಗಿಯೇ ಹಿಡಿದು ತೆಗೆಯಿರಿ, ಆಮೇಲೆ ಉದ್ದಕ್ಕೆ ಕತ್ತರಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಅಡ್ಡ ಫೋಟೊದಿಂದ ಉದ್ದನೆಯ ಭಾಗ ಕತ್ತರಿಸಿದರೂ ಸುಮಾರು 10 ಮೆಗಾಪಿಕ್ಸೆಲ್ ಉಳಿಯುತ್ತದೆ. 8 ಇಂಚು, 12 ಇಂಚಿನ ಪ್ರಿಂಟ್‌ಗೆ ಅದು ಧಾರಾಳ ಸಾಕು.

ಉದ್ದಕ್ಕೇ ತೆಗೆಯಬೇಕೆಂದರೆ, ವ್ಯಕ್ತಿ ಯಾವ ಕಡೆ ಮುಖ ಮಾಡಿದ್ದಾರೋ ಆ ಕಡೆಗೆ ಫ್ಲ್ಯಾಶ್ ಬರುವಂತೆ ಕ್ಯಾಮೆರಾ ತಿರುಗಿಸಿ. ನೆರಳು ತಲೆಯ ಹಿಂಬದಿಗೆ ಹೋಗುತ್ತದೆ. ಹತ್ತಿರದಲ್ಲಿ ಬಿಳಿ ಛಾವಣಿ ಅಥವಾ ಬಿಳಿ ಗೋಡೆ ಇದ್ದರೆ ಫ್ಲ್ಯಾಶ್ ತಲೆಯನ್ನು ಅತ್ತ ತಿರುಗಿಸಿ. ಮೊಬೈಲ್ ಆದರೆ ಫ್ಲ್ಯಾಶ್ ಆಫ್ ಮಾಡಿ, ಕಿಟಕಿ ಅಥವಾ ಬಾಗಿಲ ಬೆಳಕಿಗೆ ಮುಖ ಮಾಡಿ ಕೂರಿಸಿ. ವೇದಿಕೆಯ ಮೇಲೆ ವಿಡಿಯೊದವರ ಎಲ್‌ಇಡಿ ದೀಪ ಉರಿಯುತ್ತಿದ್ದರೆ ಅದೇ ಬೆಳಕಿನಲ್ಲಿ ತೆಗೆಯಿರಿ.

ಇವುಗಳಲ್ಲಿ ಯಾವುದಾದರೂ ಒಂದು ಅಂದು ಗೊತ್ತಿದ್ದರೆ ಸಾಕಿತ್ತು. ಕ್ಯಾಮೆರಾ ತಿರುಗಿಸದೆ ತೆಗೆದು, ಅಜ್ಜಿಗೆ ಗದ್ದ ಕೆಳಗೆ ಮಾಡಿ ಎಂದಿದ್ದರೆ ಆ ನಗು ಉಳಿಯುತ್ತಿತ್ತು.

ಕೊನೆಗೆ ನಾವು ಫ್ರೇಮ್ ಹಾಕಿಸಿದ್ದು ದೌಲತಾಬಾದ್‌ನಲ್ಲಿ ತೆಗೆದ ಫೋಟೊ. ಕೋಟೆ ಹತ್ತಲಾಗದೆ ಅಜ್ಜಿ ಬಾಗಿಲ ನೆರಳಿನಲ್ಲಿ ಕುಳಿತಿದ್ದಾಗ ಫ್ಲ್ಯಾಶ್ ಇಲ್ಲದೆ ತೆಗೆದದ್ದು. ಎರಡೂ ಕಣ್ಣು ಸ್ಪಷ್ಟವಾಗಿವೆ. ಮುಖದಲ್ಲಿ ಸ್ವಲ್ಪ ಆಯಾಸವಿದೆ, ನಗು ಇಲ್ಲ. ಮನೆಗೆ ಬಂದವರು ಒಳ್ಳೆಯ ಫೋಟೊ ಎನ್ನುತ್ತಾರೆ. ನಕ್ಕಿದ್ದ ಫೋಟೊ ನನ್ನ ಮೊಬೈಲ್‌ನಲ್ಲಿದೆ.

ಮುಂದಿನ ಮದುವೆಯಲ್ಲಿ ವಧೂವರರ ನೂರು ಫೋಟೊ ತೆಗೆಯುವ ನಡುವೆ, ಮೂಲೆಯಲ್ಲಿ ಕುಳಿತ ಹಿರಿಯರದ್ದೂ ಒಂದು ತೆಗೆಯಿರಿ. ತೆಗೆದ ಮೇಲೆ ಪರದೆಯಲ್ಲಿ ದೊಡ್ಡದು ಮಾಡಿ, ಎರಡೂ ಕಣ್ಣು ಬಂದಿವೆಯೇ ನೋಡಿಕೊಂಡೇ ಮುಂದಕ್ಕೆ ಹೋಗಿ.